ಬತ್ತೇರಿಗೆ ಕನ್ನಡದ ಹಳೇ ಹೆಸರು

ಬಂಡೀಪುರ ಕಾಡು ದಾಟಿ ವಯನಾಡಿಗೆ ಕಾಲಿಟ್ಟರೆ ಮೊದಲು ಸಿಗುವ ದೊಡ್ಡ ಪೇಟೆ ಸುಲ್ತಾನ್ ಬತ್ತೇರಿ. ಈ ಊರಿಗೆ ಹಿಂದೆ ಅಪ್ಪಟ ಕನ್ನಡದ ಹೆಸರಿತ್ತು ಗೊತ್ತಾ? ಹನ್ನೆರಡು ಬೀದಿ! ಕರ್ನಾಟಕದಿಂದ ಬಂದು ನೆಲೆಸಿದ ಜೈನರ ಬೀದಿಗಳವು. ಅವರ ಕಲ್ಲಿನ ಬಸದಿ ಈಗಲೂ ಪೇಟೆಯಲ್ಲೇ ಇದೆ. ಕಂಬಗಳ ಕೆತ್ತನೆ ನೋಡಿ, ವಿಜಯನಗರ ಶೈಲಿ ಎದ್ದು ಕಾಣುತ್ತದೆ. ಎಷ್ಟು ಚೆಂದ!

18ನೇ ಶತಮಾನದಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಇದೇ ಬಸದಿಯಲ್ಲಿ ಮದ್ದುಗುಂಡು ತುಂಬಿಟ್ಟಿತು. ಫಿರಂಗಿಗಳ ಸಾಲಿಗೆ ಇಂಗ್ಲಿಷರು ಬ್ಯಾಟರಿ ಅನ್ನುತ್ತಿದ್ದರು. ಅದು ಫ್ರೆಂಚಿನಿಂದ ಬಂದ ಪದ, ಮೂಲದಲ್ಲಿ ಹೊಡೆತ ಅಂತ ಅರ್ಥ. ಸುಲ್ತಾನನ ಈ ನೆಲೆಗೂ ಆ ಹೆಸರೇ ಅಂಟಿಕೊಂಡು, ಜನರ ಬಾಯಲ್ಲಿ ಬತ್ತೇರಿ ಆಯಿತು. ಗಣಪತಿ ಗುಡಿಯಿಂದ ಬಂದ ಗಣಪತಿವಟ್ಟಂ ಅನ್ನೋ ಹೆಸರೂ ಊರಿಗಿತ್ತು.

ಮಂಗಳೂರಿನವರೇ, ನಿಮ್ಮ ಬೋಳೂರಿನ ಹೊಳೆ ದಡದಲ್ಲಿರೋ ಟಿಪ್ಪು ಕಾಲದ ಕಾವಲು ಬುರುಜಿಗೂ ಸುಲ್ತಾನ್ ಬತ್ತೇರಿ ಅಂತಲೇ ಹೆಸರು!