ಫಾರ್ವರ್ಡ್ ಮಾಡುವ ಮುನ್ನ

ಸಹೋದರಿಯರೇ, ದೊಡ್ಡ ಘಟನೆಗಳ ಸುದ್ದಿ ಈಗ ನಮ್ಮನ್ನು ಮೊದಲು ತಲುಪುವುದು ಮೊಬೈಲ್‌ನಿಂದ. ಜೊತೆಗೆ ಭಯವೂ ಅದರಿಂದಲೇ ಮನೆಯೊಳಗೆ ಬರುತ್ತದೆ.

2012ರ ಆಗಸ್ಟ್ ನೆನಪಿದೆಯೇ? ಅಸ್ಸಾಮಿನ ಗಲಭೆಯ ಬಳಿಕ, ಈದ್ ಕಳೆದೊಡನೆ ಮುಸ್ಲಿಮರು ಈಶಾನ್ಯದವರ ಮೇಲೆ ಸೇಡು ತೀರಿಸಲಿದ್ದಾರೆ ಎಂಬ ಎಸ್ಸೆಮ್ಮೆಸ್‌ಗಳು ಬೆಂಗಳೂರಿನಲ್ಲಿ ಹರಿದಾಡಿದವು. ಸಾವಿರಾರು ಮಂದಿ ಕೆಲಸ, ಓದು ಬಿಟ್ಟು ಗುವಾಹಟಿ ರೈಲು ಹತ್ತಿದರು. ಅಂಥ ದಾಳಿ ನಡೆಯಲೇ ಇಲ್ಲ. ಆದರೆ ಸಂಶಯದ ನೆರಳು ಒಂದಿಡೀ ಸಮುದಾಯದ ಮೇಲೆ ಬಿತ್ತು. ಕೇಂದ್ರ ಸರಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ತಾತ್ಕಾಲಿಕ ಮಿತಿ ಹಾಕಿತು.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಯುವಕರನ್ನು ವಾಟ್ಸಾಪ್ ಸಂದೇಶವೊಂದು ಮಕ್ಕಳ ಕಳ್ಳರನ್ನಾಗಿಸಿತು. ಗುಂಪಿನ ಏಟಿಗೆ ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಫಾರ್ವರ್ಡ್ ಒಮ್ಮೆಗೆ ಐದು ಕಡೆಗೆ ಮಾತ್ರ ಎಂದು ಘೋಷಿಸಿತು.

ಎರಡು ಬಾರಿಯೂ ಮಿತಿ ಬಂದದ್ದು ಅನಾಹುತದ ನಂತರ. ಅನಾಹುತಕ್ಕೆ ಮುಂಚೆ ತಡೆಯಬಲ್ಲದ್ದು ನಮ್ಮ ಬೆರಳು ಮಾತ್ರ. ಯಾರು ಹೇಳಿದರು? ಎಲ್ಲಿ? ಯಾವಾಗ? ಈ ಮೂರಕ್ಕೆ ಉತ್ತರವಿಲ್ಲದ ಸಂದೇಶ ನಿಮ್ಮಲ್ಲಿಗೇ ಕೊನೆಯಾಗಲಿ. ಮನೆಯ ಮಕ್ಕಳಿಗೂ ಇದನ್ನೇ ಕಲಿಸಿ.