ನಮ್ಮ ಕನ್ನಡದ ಪುಟ, ನಾವೇ ಬರೆಯೋಣ
(ಹಗುರವಾದ ಎಡಿಟರ್ ತಂತ್ರಾಂಶದಲ್ಲಿ ಜಾಲಪುಟ ರಚನೆ)

– ಕನ್ನಡ ಅಧ್ಯಾಪಕಿ, ಬಿ.ಎ., ಬಿ.ಎಡ್.

ಇಂದಿನದು ಕಂಪ್ಯೂಟರ್ ಯುಗ. ದುಬೈ, ಅಬುಧಾಬಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2017ರಲ್ಲಿ ದುಬೈಯಲ್ಲಿ ಹತ್ತು ಲಕ್ಷ ಅರಬ್ ಯುವಜನರಿಗೆ ಕೋಡಿಂಗ್ ಕಲಿಸುವ ಯೋಜನೆ ಆರಂಭವಾಯಿತು. 2025-26ರ ಶೈಕ್ಷಣಿಕ ವರ್ಷದಿಂದ ಇಲ್ಲಿನ ಸರಕಾರಿ ಶಾಲೆಗಳಲ್ಲಿ ಕೃತಕ ಬುದ್ಧಿಮತ್ತೆ ಒಂದು ಪಾಠವಾಗಿ ಸೇರಿದೆ. ನಮ್ಮ ಸಿಬಿಎಸ್‌ಇ ಪಠ್ಯಕ್ರಮದಲ್ಲೂ ಹತ್ತನೇ ತರಗತಿಯ ಕಂಪ್ಯೂಟರ್ ಅಪ್ಲಿಕೇಶನ್ಸ್ ವಿಷಯದಲ್ಲಿ ಎಚ್‌ಟಿಎಂಎಲ್ ಪಾಠವಿದೆ.

ಆದರೆ ಇದೇ ಮಕ್ಕಳಿಗೆ "ಕಂಪ್ಯೂಟರಿನಲ್ಲಿ ಕನ್ನಡದ ಹತ್ತು ಸಾಲು ಬರೆದು ತನ್ನಿ" ಎಂದರೆ ಹೆಚ್ಚಿನವರು ಎರಡೇ ದಾರಿ ಹಿಡಿಯುತ್ತಾರೆ. ಕೆಲವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ. ಇನ್ನು ಕೆಲವರು ನೋಟ್ ಪುಸ್ತಕದ ಫೋಟೋ ತೆಗೆದು ಕಳುಹಿಸುತ್ತಾರೆ. ಊರಿನ ಅಜ್ಜಿಗೆ ಮೊದಲನೆಯದನ್ನು ಓದಲು ಬರುವುದಿಲ್ಲ. ಎರಡನೆಯದು ಫೋನಿನ ಸಾವಿರ ಫೋಟೋಗಳ ನಡುವೆ ಕಳೆದುಹೋಗುತ್ತದೆ. ಹೀಗೆ ನಮ್ಮ ಮಕ್ಕಳ ಕನ್ನಡ ಮಾತಿಗಷ್ಟೇ ಸೀಮಿತವಾಗಿ, ಬರಹದಲ್ಲಿ ಮೆಲ್ಲನೆ ಅಳಿಯುತ್ತಿದೆ. ಕೋಡಿಂಗ್ ಕಲಿಯುವ ಅದೇ ಕೈ ಕನ್ನಡವನ್ನೂ ಬರೆಯುವಂತೆ ಮಾಡಲು ಒಂದು ಸುಲಭ ಸಾಧನವಿದೆ. ಅದೇ ಹಗುರವಾದ ಎಡಿಟರ್.

ಎಡಿಟರ್ ಎಂದರೇನು?

ಎಡಿಟರ್ ಎಂದರೆ ಬರಿಯ ಅಕ್ಷರಗಳನ್ನು ಬರೆದು ಉಳಿಸುವ ತಂತ್ರಾಂಶ. ವಿಂಡೋಸ್ ಕಂಪ್ಯೂಟರಿನಲ್ಲಿರುವ ನೋಟ್‌ಪ್ಯಾಡ್ ಇದಕ್ಕೆ ಸರಳ ಉದಾಹರಣೆ. ಕೋಡ್ ಬರೆಯುವವರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ಅನುಕೂಲ ಬೇಕು. ಅದಕ್ಕಾಗಿ ಬಂದದ್ದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಡಾನ್ ಹೋ ಎಂಬ ತಂತ್ರಜ್ಞರು 2003ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಇದು ಪೂರ್ತಿ ಉಚಿತ. ಕೆಲವೇ ಮೆಗಾಬೈಟ್ ಗಾತ್ರದ್ದಾದ್ದರಿಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಕ್ಷಣದಲ್ಲಿ ತೆರೆದುಕೊಳ್ಳುತ್ತದೆ. ಇದರ ಮೆನುಗಳನ್ನು ಬೇರೆ ಬೇರೆ ಭಾಷೆಗಳಿಗೆ ಬದಲಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಕನ್ನಡವೂ ಇದೆ!

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಲಿನಕ್ಸ್ ಇರುವವರು ಜೀನಿ ಎಂಬ ಎಡಿಟರನ್ನು ಬಳಸಬಹುದು. 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಶುವಲ್ ಸ್ಟುಡಿಯೋ ಕೋಡ್ ಮ್ಯಾಕ್ ಸೇರಿ ಎಲ್ಲ ಕಡೆ ನಡೆಯುತ್ತದೆ. ಆದರೆ ಅದು ಗಾತ್ರದಲ್ಲಿ ದೊಡ್ಡದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಂತೆ, ಮೊದಲ ಪುಟ ಬರೆಯುವವರಿಗೆ ಹಗುರ ಎಡಿಟರ್ ಧಾರಾಳ ಸಾಕು.

"ವರ್ಡ್‌ನಲ್ಲೇ ಬರೆದರಾಗದೆ ಟೀಚರ್?" ಎಂದು ಮಕ್ಕಳು ಕೇಳುವುದುಂಟು. ವರ್ಡ್ ನಾವು ಬರೆದ ಅಕ್ಷರಗಳ ಜೊತೆಗೆ ಅವುಗಳ ಗಾತ್ರ, ಬಣ್ಣ, ಅಂಚು ಮುಂತಾದ ನೂರು ವಿವರಗಳನ್ನು ತನ್ನದೇ ರೀತಿಯಲ್ಲಿ ಸೇರಿಸಿ ಉಳಿಸುತ್ತದೆ. ನೇರವಾದ ಉದ್ಧರಣ ಚಿಹ್ನೆಯನ್ನು ತಾನಾಗಿಯೇ ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ. ಪತ್ರಕ್ಕೆ ಇದು ಅಂದ. ಕೋಡಿನಲ್ಲಿ ಇದರಿಂದ ತಪ್ಪಾಗುತ್ತದೆ. ಎಡಿಟರ್ ಮಾತ್ರ ನಾವು ಬರೆದದ್ದನ್ನಷ್ಟೇ ಉಳಿಸುತ್ತದೆ.

ಕಂಪ್ಯೂಟರಿಗೆ ಕನ್ನಡ ಹೇಗೆ ತಿಳಿಯುತ್ತದೆ?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡಬೇಕು. ಹಿಂದೆ ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಇದ್ದವು. ನುಡಿ, ಬರಹ ಮುಂತಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟಿನಲ್ಲಿ ಬರೆದ ಫೈಲನ್ನು ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹಳೆಯ ಸಿ.ಡಿ.ಗಳಲ್ಲಿ ಸ್ಮರಣ ಸಂಚಿಕೆಗಳ ಪ್ರತಿ ಇಟ್ಟುಕೊಂಡ ಕನ್ನಡ ಸಂಘದವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ನುಡಿ, ಬರಹ ಎರಡೂ ಮುಂದೆ ಯೂನಿಕೋಡ್‌ಗೆ ಬಂದವು.

ಯೂನಿಕೋಡ್ ಎಂದರೆ ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೆ ಒಂದೊಂದು ಬೇರೆ ಸಂಖ್ಯೆ ಕೊಟ್ಟ ಪಟ್ಟಿ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. 'ಕ' ಅಕ್ಷರದ ಸಂಖ್ಯೆ 3221. ದುಬೈಯಲ್ಲಾಗಲಿ, ಧಾರವಾಡದಲ್ಲಾಗಲಿ 3221 ಎಂದರೆ 'ಕ' ಮಾತ್ರ. ಒಮ್ಮೆ ಕೊಟ್ಟ ಸಂಖ್ಯೆಯನ್ನೂ ಹೆಸರನ್ನೂ ಯೂನಿಕೋಡ್ ಬದಲಿಸುವುದಿಲ್ಲ. ಹಳಗನ್ನಡದ 'ೞ' ಅಕ್ಷರಕ್ಕೆ ಆ ಪಟ್ಟಿಯಲ್ಲಿ ತಪ್ಪಾಗಿ 'ಫ' ಎಂಬ ಅರ್ಥದ ಹೆಸರು ಬಿದ್ದಿದೆ. ತಪ್ಪೆಂದು ಗೊತ್ತಾದ ಮೇಲೂ ಹೆಸರು ಹಾಗೆಯೇ ಇದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ ಅಷ್ಟೆ. ಇಂದು ಬರೆದದ್ದನ್ನು ನಾಳೆಯೂ ಓದಬಹುದೆಂಬ ಭರವಸೆ ನಿಂತಿರುವುದೇ ಈ ಸ್ಥಿರತೆಯ ಮೇಲೆ.

ಈ ಸಂಖ್ಯೆಗಳನ್ನು ಫೈಲಿನಲ್ಲಿ ಉಳಿಸುವ ಒಂದು ಕ್ರಮವೇ ಯುಟಿಎಫ್-8. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದ ನೋಡಲು ಮೂರು ಅಕ್ಷರ. ಕಂಪ್ಯೂಟರಿಗೆ ಅದು ಐದು ಸಂಕೇತ: ಕ, ನ, ್, ನ, ಡ. ಅಂದರೆ 15 ಬೈಟ್. 'ಸ್ತ್ರೀ' ಎಂಬ ಒಂದೇ ಅಕ್ಷರದ ಪದಕ್ಕೆ ಆರು ಸಂಕೇತ, 18 ಬೈಟ್! ವ್ಯಾಕರಣ ತರಗತಿಯಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯಲು ಕಲಿತವರಿಗೆ ಇದು ಹೊಸ ಪಾಠವೇ ಅಲ್ಲ.

ಕೀಲಿಮಣೆಯೂ ಇದೇ ತರ್ಕದಲ್ಲಿ ನಡೆಯುತ್ತದೆ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ 'ಕನ್ನಡ' ಬರೆಯಲು ಐದೇ ಕೀಲಿಗಳು ಸಾಕು. ನಡುವಿನ ಎಫ್ ಕೀಲಿ ಒತ್ತಕ್ಷರಕ್ಕೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆಯನ್ನು ಸೇರಿಸಿಕೊಂಡರೆ ಅದರದೇ ಕೀಲಿಮಣೆಯೂ ಸಿಗುತ್ತದೆ.

ಮೊದಲ ಪುಟ: ಹಂತ ಹಂತವಾಗಿ

ಮಕ್ಕಳೇ, ಈಗ 'ನಮ್ಮ ಊರು' ಎಂಬ ಒಂದು ಪುಟ ಮಾಡೋಣ.

1. ಡೆಸ್ಕ್‌ಟಾಪಿನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಪುಟಕ್ಕೆ ಬೇಕಾದ ಎಲ್ಲವೂ ಅದರಲ್ಲೇ ಇರಲಿ.

2. ಎಡಿಟರ್ ತೆರೆದು, ಎನ್‌ಕೋಡಿಂಗ್ ಮೆನುವಿನಲ್ಲಿ ಯುಟಿಎಫ್-8 ಇದೆಯೇ ನೋಡಿ. ಅಲ್ಲಿ ಆನ್ಸಿ ಎಂದಿದ್ದರೆ ಬದಲಿಸಿ. ಆನ್ಸಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಹಾಗೆ ಉಳಿಸಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮತ್ತೆ ಮರಳಿ ಬರುವುದಿಲ್ಲ. ವಿಂಡೋಸ್‌ನ ಹಳೆಯ ನೋಟ್‌ಪ್ಯಾಡಿನಲ್ಲಿ ಆನ್ಸಿಯೇ ಮೊದಲ ಆಯ್ಕೆಯಾಗಿತ್ತು. 2019ರ ವಿಂಡೋಸ್ 10 ಆವೃತ್ತಿಯಿಂದ ಅದು ಯುಟಿಎಫ್-8 ಆಗಿದೆ.

3. ಬರೆಯುವ ಮುನ್ನವೇ ಫೈಲನ್ನು ಸೇವ್ ಮಾಡಿ. ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕೊನೆಗೆ ಚುಕ್ಕೆ ಇಟ್ಟು ಎಚ್‌ಟಿಎಂಎಲ್ ಎಂದು ಸೇರಿಸಿ. ಆಗ ಎಡಿಟರ್ ಅದು ಜಾಲಪುಟವೆಂದು ತಿಳಿದು ಕೋಡಿಗೆ ಬಣ್ಣ ಹಚ್ಚುತ್ತದೆ.

4. ಈಗ ಟ್ಯಾಗುಗಳು. ಕೋನಾಕಾರದ ಎರಡು ಆವರಣ ಚಿಹ್ನೆಗಳ ನಡುವೆ ಬರೆಯುವ ಸೂಚನೆಯೇ ಟ್ಯಾಗ್. 'ಎಚ್1' ಎಂದರೆ ದೊಡ್ಡ ಶೀರ್ಷಿಕೆ, 'ಪಿ' ಎಂದರೆ ಒಂದು ಪರಿಚ್ಛೇದ. ತೆರೆದ ಟ್ಯಾಗನ್ನು ಓರೆಗೆರೆ ಹಾಕಿ ಮುಚ್ಚಬೇಕು. ಉದ್ಧರಣ ಚಿಹ್ನೆ ತೆರೆದವರು ಮುಚ್ಚಲೇಬೇಕು ಎಂಬ ನಿಯಮ ನಿಮಗೆ ಗೊತ್ತೇ ಇದೆಯಲ್ಲ! ನೀವು ಒಂದು ಟ್ಯಾಗಿನ ಮೇಲೆ ಕ್ಲಿಕ್ ಮಾಡಿದರೆ ಎಡಿಟರ್ ಅದರ ಜೋಡಿಯನ್ನೂ ಬಣ್ಣದಲ್ಲಿ ತೋರಿಸುತ್ತದೆ. ಜೋಡಿ ಕಾಣದಿದ್ದರೆ ಮುಚ್ಚಲು ಮರೆತಿದ್ದೀರಿ ಎಂದರ್ಥ.

5. ಪುಟದ ತಲೆಭಾಗವಾದ 'ಹೆಡ್' ಒಳಗೆ ಎರಡು ಸಾಲು ಮುಖ್ಯ. 'ಮೆಟಾ' ಟ್ಯಾಗಿನಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂದು ತಿಳಿಸಬೇಕು. ಇಲ್ಲದಿದ್ದರೆ ಬ್ರೌಸರ್ ಊಹೆ ಮಾಡುತ್ತದೆ. ಊಹೆ ತಪ್ಪಿದರೆ ಕನ್ನಡ ಕೆಡುತ್ತದೆ. ಎರಡನೆಯದು 'ಟೈಟಲ್', ಅಂದರೆ ಬ್ರೌಸರಿನ ಮೇಲ್ತುದಿಯಲ್ಲಿ ಕಾಣುವ ಹೆಸರು. ಇದಲ್ಲದೆ ಮೊದಲ ಟ್ಯಾಗಿನಲ್ಲೇ ಭಾಷೆ 'ಕೆಎನ್' ಎಂದು ಸೂಚಿಸಿ. ಅದು ಕನ್ನಡದ ಅಂತರರಾಷ್ಟ್ರೀಯ ಸಂಕೇತ. ದೃಷ್ಟಿದೋಷವುಳ್ಳವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಈ ಸಂಕೇತ ನೋಡಿಯೇ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳುತ್ತದೆ.

6. 'ಬಾಡಿ' ಒಳಗೆ ನಿಮ್ಮ ಊರಿನ ಬಗ್ಗೆ ಬರೆಯಿರಿ. ಊರಿನ ಹೆಸರಿನ ಅರ್ಥ, ಹೊಳೆ, ಜಾತ್ರೆ, ಅಜ್ಜ ಹೇಳಿದ ಒಂದು ಸಂಗತಿ. ಅಕ್ಷರ ಚಿಕ್ಕದಾಗಿ ಕಂಡರೆ ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿ.

7. ಸೇವ್ ಮಾಡಿ, ಫೈಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಬ್ರೌಸರಿನಲ್ಲಿ ನಿಮ್ಮ ಪುಟ ಸಿದ್ಧ! ತಿದ್ದಿದಾಗಲೆಲ್ಲ ಸೇವ್ ಮಾಡಿ ಬ್ರೌಸರನ್ನು ರಿಫ್ರೆಶ್ ಮಾಡಿದರಾಯಿತು. ಇದಕ್ಕೆ ಅಂತರ್ಜಾಲ ಸಂಪರ್ಕವೂ ಬೇಡ.

ಒಂದೇ ಪುಟದಲ್ಲಿ ಹಲವು ಭಾಷೆ

ಈ ವಾರ್ಷಿಕ ಸಂಚಿಕೆಯ ಪುಟಗಳನ್ನು ತಿರುವಿದರೆ ಎಷ್ಟು ಲಿಪಿಗಳು! ನಿಮ್ಮ ಫೈಲಿನಲ್ಲೂ ಹಾಗೆಯೇ ಕನ್ನಡ, ಅರಬಿ, ಇಂಗ್ಲಿಷ್ ಒಟ್ಟಿಗೆ ಇರಬಹುದು. ಅರಬಿ ಬಲದಿಂದ ಎಡಕ್ಕೆ ಸಾಗುವ ಲಿಪಿ. ಅದರ ಪರಿಚ್ಛೇದದ ಟ್ಯಾಗಿನಲ್ಲಿ ಭಾಷೆ 'ಎಆರ್' ಎಂದೂ ದಿಕ್ಕು 'ಆರ್‌ಟಿಎಲ್' ಎಂದೂ ಬರೆದರೆ ಬ್ರೌಸರ್ ಸಾಲನ್ನು ಬಲಗಡೆಯಿಂದ ಜೋಡಿಸುತ್ತದೆ. ಅರಬಿ ತರಗತಿಯಲ್ಲಿ ಕಲಿತ ನಾಲ್ಕು ವಾಕ್ಯಗಳನ್ನು ಸೇರಿಸಿ ನೋಡಿ, ನಿಮ್ಮ ಗೆಳೆಯರಿಗೂ ನಿಮ್ಮ ಊರಿನ ಪರಿಚಯವಾಗುತ್ತದೆ.

ಇಲ್ಲಿನ ಎಷ್ಟೋ ಕನ್ನಡಿಗರ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕೊಡವ. ಅವನ್ನೂ ಕನ್ನಡ ಲಿಪಿಯಲ್ಲಿ ಬರೆಯಬಹುದು. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ಸಿಕ್ಕಿದೆ ಎಂಬುದು ಸಂತೋಷದ ವಿಷಯ.

ಫೈಲು ಯಾರದು?

ಎಡಿಟರುಗಳು ಬರುತ್ತವೆ, ಹೋಗುತ್ತವೆ. ಅಡೋಬಿ ಕಂಪನಿ ಬ್ರಾಕೆಟ್ಸ್ ಎಂಬ ಎಡಿಟರನ್ನು 2021ರಲ್ಲಿ ಕೈಬಿಟ್ಟಿತು. ಬಹು ಜನಪ್ರಿಯವಾಗಿದ್ದ ಆಟಮ್ 2022ರ ಡಿಸೆಂಬರಿನಲ್ಲಿ ನಿಂತಿತು. ಆದರೆ ಅವುಗಳಲ್ಲಿ ಬರೆದ ಪುಟಗಳಿಗೆ ಏನೂ ಆಗಲಿಲ್ಲ. ಬೇರೆ ಯಾವ ಎಡಿಟರಿನಲ್ಲಾದರೂ ಅವು ತೆರೆದುಕೊಳ್ಳುತ್ತವೆ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಜಗತ್ತಿನ ಮೊದಲ ಜಾಲತಾಣವನ್ನು 2013ರಲ್ಲಿ ಮತ್ತೆ ಅಂತರ್ಜಾಲಕ್ಕೆ ಏರಿಸಿದಾಗ ಹೊಸ ಬ್ರೌಸರುಗಳಲ್ಲಿ ಅದನ್ನು ಸಲೀಸಾಗಿ ಓದಬಹುದಾಗಿತ್ತು. ಸರಳ ಅಕ್ಷರಗಳ ಫೈಲಿನ ಆಯುಸ್ಸು ದೊಡ್ಡದು.

ಅದೇ ಹೊತ್ತಿಗೆ, ಇನ್ನೊಬ್ಬರ ತಾಣದಲ್ಲಿ ಮಾತ್ರ ಇಟ್ಟ ಬರಹಕ್ಕೆ ಖಾತ್ರಿಯಿಲ್ಲ. ಲಕ್ಷಾಂತರ ಜನ ಪುಟ ಮಾಡಿಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆದ್ದರಿಂದ ಮೂಲ ಫೈಲು ಸದಾ ನಿಮ್ಮ ಬಳಿ ಇರಲಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿಯೂ ಇರಲಿ.

ಎಐ ಇರುವಾಗ ಇದೆಲ್ಲ ಏಕೆ?

"ಒಂದು ಪ್ರಶ್ನೆ ಕೇಳಿದರೆ ಎಐ ಇಡೀ ಪುಟ ಬರೆದುಕೊಡುತ್ತದೆ" ಎನ್ನಬಹುದು. ನಿಜ. ಕ್ಯಾಲ್ಕುಲೇಟರ್ ಬಂದರೂ ಮಗ್ಗಿ ಕಲಿಯುವುದನ್ನು ನಾವು ಬಿಟ್ಟಿಲ್ಲ. ಯಂತ್ರ ಕೊಟ್ಟ ಕೋಡಿನಲ್ಲಿ ತಪ್ಪಿದ್ದರೆ ಅದನ್ನು ಕಂಡುಹಿಡಿಯಲು ಟ್ಯಾಗಿನ ಪರಿಚಯ ಬೇಕು. ಕನ್ನಡ ವಾಕ್ಯದಲ್ಲಿ ತಪ್ಪಿದ್ದರೆ ಕನ್ನಡ ಬರಬೇಕು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಅಜ್ಜ ಹೇಳಿದ ಸಂಗತಿ ಯಾವ ಯಂತ್ರಕ್ಕೂ ಗೊತ್ತಿಲ್ಲ. ಅದನ್ನು ನೀವೇ ಬರೆಯಬೇಕು.

ಪಾಲಕರಿಗೆ ಎರಡು ಮಾತು

ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಪುಟವನ್ನು ಅಂತರ್ಜಾಲಕ್ಕೆ ಏರಿಸಲೇಬೇಕೆಂದಿಲ್ಲ. ಏರಿಸುವುದಾದರೆ ಗಿಟ್‌ಹಬ್‌ನಂಥ ಕಡೆ ಉಚಿತ ಜಾಗವಿದೆ, ಆದರೆ ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ಮಗುವಿನ ಫೋಟೋ, ಮನೆಯ ವಿಳಾಸ, ಫೋನ್ ಸಂಖ್ಯೆ ಪುಟದಲ್ಲಿ ಬೇಡ. ಬೇರೆಯವರ ಫೋಟೋವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ಯುಎಇ ಕಾನೂನಿನಲ್ಲಿ ಅಪರಾಧ ಎಂಬುದೂ ನೆನಪಿರಲಿ.

ಮಗು ಬರೆಯುವಾಗ ಪಕ್ಕದಲ್ಲಿ ಕುಳಿತು ಒಂದೊಂದು ಪದ ಹೇಳಿಕೊಡಿ. "ಈ ಒತ್ತಕ್ಷರ ಹೇಗೆ?" ಎಂದು ಅದು ಕೇಳಿದರೆ ಅದಕ್ಕಿಂತ ಒಳ್ಳೆಯ ಕನ್ನಡ ಪಾಠ ಇನ್ನೊಂದಿಲ್ಲ. ರಜೆಯಲ್ಲಿ ಊರಿಗೆ ಹೋಗುವಾಗ ಆ ಫೈಲನ್ನೂ ಕೊಂಡೊಯ್ಯಿರಿ. ಮೊಮ್ಮಗಳು ಕನ್ನಡದಲ್ಲೇ ಬರೆದ ಪುಟವನ್ನು ಅಜ್ಜಿ ಕನ್ನಡಕ ಏರಿಸಿಕೊಂಡು ತಾವೇ ಓದಲಿ.

ಕಂಪ್ಯೂಟರಿನಲ್ಲಿ ಕನ್ನಡ ಬೆಳೆದದ್ದು ಹೀಗೆ ಒಬ್ಬೊಬ್ಬರ ದುಡಿಮೆಯಿಂದಲೇ. ಡಾ. ಯು.ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಅಂತರ್ಜಾಲ ಪತ್ರಿಕೆ ಆರಂಭಿಸಿದರು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅದರ ಲೇಖನಗಳನ್ನು ಬರೆಯುವವರು ನಮ್ಮ ನಿಮ್ಮಂಥ ಸಾಮಾನ್ಯ ಜನರೇ. ಹನಿ ಹನಿ ಗೂಡಿದರೆ ಹಳ್ಳ. ಮಕ್ಕಳೇ, ನಿಮ್ಮ ಒಂದು ಪುಟವೂ ಆ ಹಳ್ಳಕ್ಕೆ ಸೇರಲಿ.