ಪ್ರಬಲ ನೆರೆಯ ಪಕ್ಕದಲ್ಲಿ ಫಿನ್ಲೆಂಡು

ಬಲಹೀನನಾದ ಅರಸನು ಬಲಿಷ್ಠನಾದ ನೆರೆಯವನೊಡನೆ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಗೆ ಕೌಟಿಲ್ಯನು ಅರ್ಥಶಾಸ್ತ್ರದ ಹನ್ನೆರಡನೆಯ ಅಧಿಕರಣವನ್ನೇ ಮೀಸಲಾಗಿಟ್ಟಿದ್ದಾನೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಆ ಗ್ರಂಥವನ್ನು ಅಚ್ಚುಹಾಕಿಸಿದಂದಿನಿಂದ ಈ ಚರ್ಚೆಯು ನಮ್ಮ ವಿದ್ಯಾವಂತರಿಗೆ ಅಪರಿಚಿತವಾದುದಲ್ಲ. ಬೆತ್ತದ ಬಳ್ಳಿಯಂತೆ ಬಾಗಿ ಬದುಕಬೇಕೆಂಬುದು ಭಾರದ್ವಾಜನ ಮತ. ಸರ್ವಬಲದಿಂದಲೂ ಕಾದಬೇಕೆಂಬುದು ವಿಶಾಲಾಕ್ಷನ ಮತ. ಕೌಟಿಲ್ಯನು ಎರಡನ್ನೂ ಒಪ್ಪದೆ, ಮತ್ತೊಬ್ಬ ಪ್ರಬಲನನ್ನಾಗಲಿ ಅಭೇದ್ಯವಾದ ದುರ್ಗವನ್ನಾಗಲಿ ಆಶ್ರಯಿಸಬೇಕೆಂದು ವಿಧಿಸುತ್ತಾನೆ. ಈ ಮಾರ್ಗಗಳೆಲ್ಲವನ್ನೂ ಒಂದು ಶತಮಾನಕ್ಕಿಂತ ಕಡಿಮೆ ಅವಧಿಯಲ್ಲಿ ತುಳಿದುನೋಡಿದ ರಾಷ್ಟ್ರವೊಂದುಂಟು, ಅದು ಫಿನ್ಲೆಂಡು. ಬಲಿಷ್ಠನಿಗೆ ಹೆದರಿ ಸ್ವಾತಂತ್ರ್ಯದ ತಿರುಳನ್ನು ಬಿಟ್ಟುಕೊಡುವುದಕ್ಕೆ ‘ಫಿನ್ಲೆಂಡೀಕರಣ’ವೆಂಬ ಹೀನಾರ್ಥದ ಮಾತು ಪಶ್ಚಿಮ ಜರ್ಮನಿಯ ರಾಜಕೀಯ ವಾದಗಳಲ್ಲಿ ಬಳಕೆಗೆ ಬಂದಿತು. ಆ ಮಾತು ಫಿನ್ಲೆಂಡಿಗೆ ಎಷ್ಟುಮಟ್ಟಿಗೆ ಸಲ್ಲುತ್ತದೆಂಬುದನ್ನು ಇಲ್ಲಿ ವಿಚಾರಮಾಡುತ್ತೇವೆ.

1809ರಿಂದ ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದ ಫಿನ್ಲೆಂಡು 1917ರ ಡಿಸೆಂಬರ್ 6ರಂದು ಸ್ವತಂತ್ರವಾಯಿತು. ಲೆನಿನ್‌ಗ್ರಾಡ್ ನಗರಕ್ಕೂ ಅದರ ಗಡಿಗೂ ನಡುವೆ ಇದ್ದ ದೂರ ಸುಮಾರು 32 ಕಿಲೋಮೀಟರು ಮಾತ್ರ. ಎರಡು ದೇಶಗಳ ಕಲಹಕ್ಕೆ ಮೂಲವಾದುದು ಈ ಅಂತರವೇ. 1939ರ ಶರತ್ಕಾಲದಲ್ಲಿ ಸ್ಟಾಲಿನ್ನನು ಗಡಿಯನ್ನು ಹಿಂದಕ್ಕೆ ಸರಿಸಬೇಕೆಂದೂ, ಹ್ಯಾಂಕೊ ಭೂಶಿರವನ್ನು ನೌಕಾನೆಲೆಗಾಗಿ ಗುತ್ತಿಗೆಗೆ ಕೊಡಬೇಕೆಂದೂ, ಪ್ರತಿಯಾಗಿ ಪೂರ್ವ ಕರೇಲಿಯದಲ್ಲಿ ಎರಡರಷ್ಟು ಭೂಮಿಯನ್ನು ಕೊಡುವುದಾಗಿಯೂ ಸೂಚಿಸಿದನು. ಮಾಸ್ಕೋವಿನಲ್ಲಿ ಸಂಧಾನ ನಡೆಸುತ್ತಿದ್ದ ಪಾಸಿಕಿವಿಗೆ ಸ್ವಲ್ಪ ಬಿಟ್ಟುಕೊಡುವುದೇ ಲೇಸೆಂದು ತೋರಿದ್ದಿತು. ಹೆಲ್ಸಿಂಕಿಯ ಸರ್ಕಾರ ಅದಕ್ಕೆ ಒಪ್ಪಲಿಲ್ಲ. ನವೆಂಬರ್ 30ರಂದು ಸೋವಿಯತ್ ಸೈನ್ಯ ಗಡಿಯನ್ನು ದಾಟಿತು.

ಆ ಚಳಿಗಾಲದ ಯುದ್ಧದ 105 ದಿನಗಳ ಕಥೆ ಸುಪ್ರಸಿದ್ಧವಾದುದು. ರಾಷ್ಟ್ರಸಂಘವು ಸೋವಿಯತ್ ಒಕ್ಕೂಟವನ್ನು ಹೊರಹಾಕಿತೇ ಹೊರತು, ಯುದ್ಧದ ಗತಿಯನ್ನು ಬದಲಿಸಬಲ್ಲ ಸೈನ್ಯಸಹಾಯವೆಲ್ಲಿಂದಲೂ ಬರಲಿಲ್ಲ. ಸುಮಾರು 37 ಲಕ್ಷ ಜನರಿದ್ದ ದೇಶದಲ್ಲಿ ಸುಮಾರು 25,000 ಮಂದಿ ಮಡಿದರು. ವೀಪುರಿ ಪಟ್ಟಣವೂ ಕರೇಲಿಯ ಭೂಕಂಠವೂ ಕೈತಪ್ಪಿದುವು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ಮನೆಮಠಗಳನ್ನು ತೊರೆದು ಬಂದರು. ಕಳೆದುಕೊಂಡುದನ್ನು ಮರಳಿ ಪಡೆಯುವ ಆಸೆಯಿಂದ 1941ರಲ್ಲಿ ಜರ್ಮನಿಯ ಜೊತೆಗೂಡಿ ಹೋರಾಡಿದುದರ ಫಲವಾಗಿ 1944ರಲ್ಲಿ ಇನ್ನೂ ಕಠಿನವಾದ ಷರತ್ತುಗಳಿಗೆ ಕೈಹಾಕಬೇಕಾಯಿತು. 30 ಕೋಟಿ ಡಾಲರುಗಳ ಯುದ್ಧಪರಿಹಾರ (ಇದು ಅನಂತರ ಇಳಿದು, 1952ರಲ್ಲಿ ಪೂರ್ತಿಯಾಗಿ ತೀರಿತು), ಹೆಲ್ಸಿಂಕಿಯ ಸಮೀಪದಲ್ಲಿಯೇ ಪೊರ್ಕಲದಲ್ಲಿ 50 ವರ್ಷಗಳ ಅವಧಿಗೆ ಸೋವಿಯತ್ ನೆಲೆ, 1947ರ ಪ್ಯಾರಿಸ್ ಕೌಲಿನಂತೆ 34,400 ಮಂದಿಗೆ ಮೀರದ ಭೂಸೈನ್ಯ, 60ಕ್ಕೆ ಮೀರದ ಯುದ್ಧವಿಮಾನಗಳು, ಇವೇ ಆ ಷರತ್ತುಗಳಲ್ಲಿ ಮುಖ್ಯವಾದುವು. ಆದರೂ ದೇಶವು ಆಕ್ರಮಿತವಾಗಲಿಲ್ಲ. ಪೂರ್ವ ಯೂರೋಪಿನ ಇತರ ರಾಷ್ಟ್ರಗಳಿಗೂ ಇದಕ್ಕೂ ಇರುವ ಭೇದವನ್ನು ಇಲ್ಲಿಂದಲೇ ಗುರುತಿಸಬೇಕು.

1948ರ ಫೆಬ್ರವರಿಯಲ್ಲಿ ಸ್ಟಾಲಿನ್ನನು ಪರಸ್ಪರ ಸಹಾಯದ ಒಡಂಬಡಿಕೆಯೊಂದನ್ನು ಅಪೇಕ್ಷಿಸಿ ಅಧ್ಯಕ್ಷ ಪಾಸಿಕಿವಿಗೆ ಪತ್ರ ಬರೆದನು. ಹಂಗೆರಿ ಮತ್ತು ರೊಮೇನಿಯಗಳೊಡನೆ ಆಗಷ್ಟೇ ಆಗಿದ್ದ ಒಡಂಬಡಿಕೆಗಳು ಅವನ ಮನಸ್ಸಿನಲ್ಲಿದ್ದ ಮಾದರಿ. ಏಪ್ರಿಲ್ 6ರಂದು ಮಾಸ್ಕೋವಿನಲ್ಲಿ ಸಹಿಯಾದುದಾದರೋ ಬೇರೆಯೇ ಬಗೆಯದು. ಜರ್ಮನಿಯಾಗಲಿ ಅದರ ಮಿತ್ರರಾಷ್ಟ್ರವಾಗಲಿ ಫಿನ್ಲೆಂಡಿನ ಮೇಲೆ, ಅಥವಾ ಅದರ ಮೂಲಕ ಸೋವಿಯತ್ ಒಕ್ಕೂಟದ ಮೇಲೆ, ದಂಡೆತ್ತಿ ಬಂದರೆ ಫಿನ್ಲೆಂಡು ತನ್ನ ಗಡಿಯೊಳಗೆ ತಾನೇ ಹೋರಾಡತಕ್ಕದ್ದು; ಸೋವಿಯತ್ ನೆರವು ಅಗತ್ಯಬಿದ್ದಲ್ಲಿ ಮಾತ್ರ, ಅದೂ ಉಭಯರ ಒಪ್ಪಿಗೆಯಿಂದ. ಮಹಾರಾಷ್ಟ್ರಗಳ ಕಲಹದಿಂದ ಹೊರಗಿರಬೇಕೆಂಬ ಫಿನ್ಲೆಂಡಿನ ಇಚ್ಛೆಯೂ ಪೀಠಿಕೆಯಲ್ಲಿಯೇ ನಮೂದಾಯಿತು.

ಈ ಒಡಂಬಡಿಕೆಯ ಒಳಮರ್ಮವನ್ನು ಎಷ್ಟೋ ಮಂದಿ ವ್ಯಾಖ್ಯಾತೃಗಳು ಗಮನಿಸಿದಂತೆ ಕಾಣುವುದಿಲ್ಲ. ಫಿನ್ಲೆಂಡಿನ ದಾರಿಯಲ್ಲಿ ಶತ್ರು ಬಾರದಂತೆ ಅದೇ ತಡೆಯುವುದೆಂಬ ನಂಬಿಕೆ ಮಾಸ್ಕೋವಿಗೆ ಇರುವತನಕ ಅಲ್ಲಿ ಸೋವಿಯತ್ ಸೈನ್ಯವನ್ನು ನಿಲ್ಲಿಸಲು ನೆಪವಿರದು. ಆದುದರಿಂದ ಸ್ವಂತ ರಕ್ಷಣಾಬಲವು ಪಶ್ಚಿಮದವರನ್ನು ತಡೆಯುವ ಹೆಸರಿನಲ್ಲಿ ಪೂರ್ವದವರನ್ನು ದೂರವಿಡುವ ಉಪಾಯವೂ ಆಯಿತು. ಪೊರ್ಕಲ ನೆಲೆಯು ಅವಧಿಗೆ ಬಹಳ ಮೊದಲೇ 1956ರಲ್ಲಿ ಹಿಂದಿರುಗಿತು. ಕಡ್ಡಾಯ ಸೈನಿಕ ಶಿಕ್ಷಣವು ಮುಂದುವರಿದು ಮೀಸಲು ಪಡೆ ಬೆಳೆಯಿತು. ಆಯುಧಗಳನ್ನು ಎರಡು ಕಡೆಯಿಂದಲೂ ಕೊಂಡರು: 1958ರಿಂದ ಬ್ರಿಟನ್ನಿನ ನ್ಯಾಟ್ ವಿಮಾನಗಳು (ಬೆಂಗಳೂರಿನ ಕಾರ್ಖಾನೆಯಲ್ಲಿ ಮುಂದೆ ತಯಾರಾದುವೂ ಇದೇ ಜಾತಿಯವು), 1963ರಲ್ಲಿ ಸೋವಿಯತ್ ಮಿಗ್-21ಗಳು, ಅನಂತರ ಸ್ವೀಡನ್ನಿನ ಡ್ರಾಕೆನ್‌ಗಳು. 1978ರಲ್ಲಿ ರಕ್ಷಣಾಮಂತ್ರಿ ಉಸ್ತಿನೋವನು ಜಂಟಿ ಸೈನಿಕ ಕವಾಯತನ್ನು ಸೂಚಿಸಿದಾಗ ಫಿನ್ನರು ಅದನ್ನು ಒಲ್ಲೆನೆಂದರು.

ಇಷ್ಟರಿಂದ ಎಲ್ಲವೂ ಲಾಭವೇ ಆಯಿತೆಂದು ತಿಳಿಯಲಾಗದು. 1958ರಲ್ಲಿ ಫಾಗರ್‌ಹೋಮನ ಮಂತ್ರಿಮಂಡಲ ಮಾಸ್ಕೋವಿಗೆ ಹಿಡಿಸಲಿಲ್ಲ. ರಾಯಭಾರಿ ಹೊರಟುಹೋದನು, ವ್ಯಾಪಾರದ ಮಾತುಕತೆ ನಿಂತಿತು, ಡಿಸೆಂಬರಿನಲ್ಲಿ ಮಂತ್ರಿಮಂಡಲ ಬಿದ್ದಿತು. 1961ರ ಅಕ್ಟೋಬರ್ 30ರಂದು ಬಂದ ಪತ್ರವು ಇದಕ್ಕಿಂತ ಭಯಂಕರವಾದುದು. ಪಶ್ಚಿಮ ಜರ್ಮನಿಯ ಅಪಾಯವನ್ನು ಮುಂದೊಡ್ಡಿ, ಒಡಂಬಡಿಕೆಯಂತೆ ಸೈನಿಕ ಸಮಾಲೋಚನೆ ಆರಂಭವಾಗಲೆಂದು ಅದು ಕೇಳಿತು. ಅಧ್ಯಕ್ಷ ಕೆಕ್ಕೊನೆನ್ ಆಗ ಅಮೆರಿಕ ಪ್ರವಾಸದಲ್ಲಿದ್ದು, ಹವಾಯಿಯಲ್ಲಿ ಸುದ್ದಿ ತಿಳಿದನು. ನವೆಂಬರಿನಲ್ಲಿ ನೊವೊಸಿಬಿರ್ಸ್ಕಿಗೆ ಹೋಗಿ ಕ್ರುಶ್ಚೇವನನ್ನು ಕಂಡು, ಸಮಾಲೋಚನೆ ನಡೆದರೆ ಸ್ವೀಡನ್, ನಾರ್ವೆಗಳಲ್ಲಿ ಯುದ್ಧಭೀತಿ ಹಬ್ಬುವುದೆಂದು ವಾದಿಸಿದನು. ವಿಚಾರ ಅಲ್ಲಿಗೇ ನಿಂತಿತು. ಅದೇ ಹೊತ್ತಿಗೆ ಅವನ ಚುನಾವಣಾ ಪ್ರತಿಸ್ಪರ್ಧಿ ಹೊಂಕನು ಕಣದಿಂದ ಹಿಂದೆಗೆದನು. ಪತ್ರದ ಮುಖ್ಯ ಉದ್ದೇಶವು ಬರ್ಲಿನ್ ಬಿಕ್ಕಟ್ಟೋ ಕೆಕ್ಕೊನೆನ್ನನ ಚುನಾವಣೆಯೋ ಎಂಬ ಚರ್ಚೆ ಚರಿತ್ರಕಾರರಲ್ಲಿ ಇಂದಿಗೂ ಮುಗಿದಿಲ್ಲ. ಎರಡೂ ಇದ್ದುವೆಂದು ನಮಗೆ ತೋರುತ್ತದೆ.

ಕೆಕ್ಕೊನೆನ್ನನ ವಾದಕ್ಕೆ ಬೆಲೆ ಬಂದುದು ಪ್ರದೇಶದ ರಾಜಕೀಯದಿಂದ. ನಾರ್ವೆಯೂ ಡೆನ್ಮಾರ್ಕೂ 1949ರಲ್ಲಿ ನೇಟೊ ಒಕ್ಕೂಟವನ್ನು ಸೇರಿದುವು, ಆದರೆ ಶಾಂತಿಕಾಲದಲ್ಲಿ ವಿದೇಶೀ ಸೈನ್ಯನೆಲೆಗಳಿಗೆ ಎಡೆಕೊಡಲಿಲ್ಲ; ಸ್ವೀಡನ್ ಯಾವ ಕೂಟಕ್ಕೂ ಸೇರದೆ ಬಲವಾದ ಸೈನ್ಯವನ್ನಿಟ್ಟುಕೊಂಡಿತು. ಫಿನ್ಲೆಂಡನ್ನು ಅತಿಯಾಗಿ ಒತ್ತಿದರೆ ಈ ತಕ್ಕಡಿ ಏರುಪೇರಾಗಿ ನೇಟೊ ಬಾಲ್ಟಿಕ್ಕಿನ ಪೂರ್ವತೀರಕ್ಕೆ ಸಮೀಪಿಸುವುದೆಂಬ ಅಂಜಿಕೆ ಮಾಸ್ಕೋವಿಗೂ ಇದ್ದಿತು. ಹೀಗೆ ನೆರೆಹೊರೆಯವರ ನಿಲುವೂ ಫಿನ್ಲೆಂಡಿಗೆ ಒಂದು ಬಗೆಯ ದುರ್ಗವಾಯಿತು.

ಬಾಗುವಿಕೆಯ ನಿಜವಾದ ಬೆಲೆಯನ್ನು ತೆತ್ತುದು ದೇಶದ ಒಳಜೀವನ. 1973ರಲ್ಲಿ ಚುನಾವಣೆಯೇ ಇಲ್ಲದೆ ವಿಶೇಷ ಶಾಸನದಿಂದ ಕೆಕ್ಕೊನೆನ್ನನ ಅಧಿಕಾರಾವಧಿ ನಾಲ್ಕು ವರ್ಷ ಮುಂದುವರಿಯಿತು. ಸೋವಿಯತ್ ಒಕ್ಕೂಟದಿಂದ ಓಡಿಬಂದವರನ್ನು ಹಿಂದಕ್ಕೆ ಕಳುಹಿಸಿದುದುಂಟು. ಪತ್ರಿಕೆಗಳೂ ಪ್ರಕಾಶಕರೂ ಯಾರ ಆಜ್ಞೆಯೂ ಇಲ್ಲದೆ ತಾವಾಗಿಯೇ ಬಾಯಿಗೆ ಬೀಗ ಹಾಕಿಕೊಂಡರು. ಸೋಲ್ಜೆನಿತ್ಸಿನನ ‘ಗುಲಾಗ್’ ಗ್ರಂಥದ ಫಿನ್ನಿಷ್ ಅನುವಾದವು 1974ರಲ್ಲಿ ಹೊರಬಂದುದು ಸ್ವೀಡನ್ನಿನಲ್ಲಿ. ನಿಂದೆಯ ಮಾತು ಪೂರ್ತಿಯಾಗಿ ಸಲ್ಲುವುದು ಇಲ್ಲಿಯೇ. ರಕ್ಷಣಾವಿಷಯದಲ್ಲಿ ಅದು ಸಲ್ಲದು.

1990ರಲ್ಲಿ ಪ್ಯಾರಿಸ್ ಕೌಲಿನ ಸೈನಿಕ ನಿರ್ಬಂಧಗಳು ತನಗೆ ಅನ್ವಯಿಸವೆಂದು ಫಿನ್ಲೆಂಡು ಘೋಷಿಸಿತು; 1992ರಲ್ಲಿ 1948ರ ಒಡಂಬಡಿಕೆ ಕೊನೆಗೊಂಡಿತು; 1995ರಲ್ಲಿ ಯೂರೋಪಿಯನ್ ಒಕ್ಕೂಟದ ಸದಸ್ಯತ್ವ ಬಂದಿತು. ಯೂರೋಪಿನ ಅನೇಕ ರಾಷ್ಟ್ರಗಳು ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಿದ ಆ ದಶಕಗಳಲ್ಲಿಯೂ ಇದು ನಿಲ್ಲಿಸಲಿಲ್ಲ. ಸುಮಾರು 55 ಲಕ್ಷ ಜನರ ದೇಶವು ಯುದ್ಧಕಾಲಕ್ಕೆ 2,80,000 ಮಂದಿಯನ್ನು ಕರೆಯಬಲ್ಲದು. ಜನರಿಗಾಗಿ ಸುಮಾರು 50,000 ಆಶ್ರಯತಾಣಗಳನ್ನು ಕಟ್ಟಿಟ್ಟಿದೆ.

2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಯುದ್ಧಕ್ಕೆ ತೊಡಗಿದಾಗ ಫಿನ್ನರ ಅಭಿಪ್ರಾಯ ಕೆಲವೇ ವಾರಗಳಲ್ಲಿ ತಿರುಗಿತು. ಮೇ ತಿಂಗಳಲ್ಲಿ ಸ್ವೀಡನ್ನಿನೊಡನೆ ನೇಟೊವಿಗೆ ಅರ್ಜಿ ಸಲ್ಲಿಸಿ, 2023ರ ಏಪ್ರಿಲ್ 4ರಂದು ಫಿನ್ಲೆಂಡು ಸದಸ್ಯವಾಯಿತು. ಸುಮಾರು 1,340 ಕಿಲೋಮೀಟರುಗಳ ಗಡಿಯಿಂದ ರಷ್ಯದೊಡನೆ ನೇಟೊವಿನ ಭೂಗಡಿ ಎರಡರಷ್ಟಾಯಿತು. ಕೌಟಿಲ್ಯನ ಪರಿಭಾಷೆಯಲ್ಲಿ ಇದು ಸಂಶ್ರಯವೇ ಸರಿ. ಆದರೆ 1949ರಲ್ಲಿ ನಾರ್ವೆ ಇಟ್ಟುಕೊಂಡಂತಹ ನಿರ್ಬಂಧಗಳನ್ನು ಫಿನ್ಲೆಂಡು ಸೇರುವಾಗ ಹಾಕಿಕೊಳ್ಳಲಿಲ್ಲ; 2023ರ ಡಿಸೆಂಬರಿನಲ್ಲಿ ಸಹಿಯಾದ ರಕ್ಷಣಾ ಒಪ್ಪಂದವು ಅದರ 15 ನೆಲೆಗಳನ್ನು ಅಮೆರಿಕದ ಸೈನ್ಯಕ್ಕೆ ತೆರೆದಿದೆ. ಪ್ರಬಲ ನೆರೆಯನ್ನು ಕೆಣಕದಿರಲು ಹಿಂದೆ ಎಚ್ಚರ ವಹಿಸುತ್ತಿದ್ದ ದೇಶವು ದೂರದ ಪ್ರಬಲನ ಸೈನ್ಯಕ್ಕೆ ಎಷ್ಟು ಎಡೆಕೊಡಬೇಕೆಂಬ ಲೆಕ್ಕವನ್ನು ಈಗ ಹಾಕಬೇಕಾಗಿದೆ.